ಸಹಿಯಿಲ್ಲದ ಆದೇಶ

ಈ ಪುಟಗಳಲ್ಲಿ ಕಾದಂಬರಿ, ಕವನಸಂಗ್ರಹಗಳ ವಿಮರ್ಶೆ ಬರುವುದು ರೂಢಿ. ಈ ಸಲ ನಾವು ಎತ್ತಿಕೊಂಡಿರುವ ಪುಸ್ತಕ ಇಂಗ್ಲಿಷಿನದು, ಅಮೆರಿಕದ ಸಂಗತಿಗಳನ್ನು ಕುರಿತದ್ದು, ಸಾಹಿತ್ಯವೆಂದು ಕರೆಯಲು ಬಾರದ್ದು. ಓದುಗರು ಕ್ಷಮಿಸಬೇಕು. ವರ್ಜೀನಿಯಾ ಯೂಬ್ಯಾಂಕ್ಸ್ ಎಂಬ ರಾಜ್ಯಶಾಸ್ತ್ರದ ಪ್ರಾಧ್ಯಾಪಕಿ ಬರೆದು ೨೦೧೮ರಲ್ಲಿ ಪ್ರಕಟವಾದ ಈ ಪುಸ್ತಕದ ಹೆಸರು ‘ಆಟೊಮೇಟಿಂಗ್ ಇನ್‌ಇಕ್ವಾಲಿಟಿ’. ಕನ್ನಡದಲ್ಲಿ ‘ಅಸಮಾನತೆಯ ಯಂತ್ರೀಕರಣ’ ಎನ್ನಬಹುದೇನೋ. ಬಡವರಿಗೆ ಸರಕಾರ ಕೊಡುವ ಧಾನ್ಯ, ಔಷಧ, ಮನೆ, ಇವುಗಳನ್ನು ಯಾರಿಗೆ ಕೊಡಬೇಕು ಯಾರಿಗೆ ಕೊಡಬಾರದು ಎಂಬ ತೀರ್ಮಾನವನ್ನು ಗಣಕಯಂತ್ರಕ್ಕೆ ಒಪ್ಪಿಸಿದರೆ ಏನಾಗುತ್ತದೆ ಎಂಬುದು ಇದರ ವಸ್ತು.

ಕೇಂದ್ರ ಸರಕಾರದ ಒಂದು ಕಚೇರಿಯಲ್ಲಿ ಗುಮಾಸ್ತಗಿರಿ ಮಾಡುವ ನಮಗೂ ಈ ಪುಸ್ತಕಕ್ಕೂ ಏನು ಸಂಬಂಧ ಎಂದು ಯಾರಾದರೂ ಕೇಳಬಹುದು. ಸಂಬಂಧವಿದೆ. ಇದರ ಮುಖ್ಯ ಪಾತ್ರಗಳಲ್ಲಿ ಗುಮಾಸ್ತನೂ ಒಬ್ಬ. ಅವನನ್ನು ಮೇಜಿನಿಂದ ಎಬ್ಬಿಸಿ ಯಂತ್ರವನ್ನು ಕೂರಿಸಿದ ಕಥೆಯನ್ನು ನಮ್ಮಂಥವರು ಓದದೆ ಬಿಡುವುದು ಹೇಗೆ? ಅಲ್ಲದೆ ಯಂತ್ರವನ್ನು ಏಕೆ ಕೂರಿಸಿದರು ಎಂಬ ಪ್ರಶ್ನೆಗೆ ಉತ್ತರ ಕೊಡುವ ಭಾರ ನಮ್ಮ ಮೇಲೂ ಇದೆ.

ಅದನ್ನೇ ಮೊದಲು ಹೇಳಿಬಿಡುತ್ತೇವೆ. ಇಪ್ಪತ್ತು ವರ್ಷಗಳ ಹಿಂದೆ ನಾವು ಕೆಲಸಕ್ಕೆ ಸೇರಿದಾಗ ನಮ್ಮ ಮೇಜಿನೆದುರು ಒಂದೇ ಕುರ್ಚಿ ಇತ್ತು. ಇಸ್ತ್ರಿ ಮಾಡಿದ ಅಂಗಿ ತೊಟ್ಟು ನಾಲ್ಕು ಮಾತು ಇಂಗ್ಲಿಷು ಆಡುವವರು ಬಂದರೆ ‘ಕೂತುಕೊಳ್ಳಿ ಸಾರ್’ ಎನ್ನುತ್ತಿದ್ದೆವು. ಉಳಿದವರು ನಿಂತೇ ಮಾತಾಡಿ ಹೋಗುತ್ತಿದ್ದರು. ಹಾಗೆ ಮಾಡಿರೆಂದು ಯಾವ ಸುತ್ತೋಲೆಯೂ ಬಂದಿರಲಿಲ್ಲ. ಕೂತವರ ಕಾಗದ ಆ ದಿನವೇ ಮೇಲಕ್ಕೆ ಹೋಗುತ್ತಿತ್ತು, ನಿಂತವರದು ಮರುವಾರ. ಹೀಗೆ ನಾವು ಪಕ್ಷಪಾತ ಮಾಡುತ್ತಿದ್ದೇವೆಂದು ನಮಗೆ ತೋರುತ್ತಲೂ ಇರಲಿಲ್ಲ. ಆದ್ದರಿಂದ ‘ಮನುಷ್ಯನಿಗೆ ಜಾತಿ, ಊರು, ಅಂಗಿ ಕಾಣುತ್ತದೆ, ಯಂತ್ರಕ್ಕೆ ಅಂಕಿ ಮಾತ್ರ ಕಾಣುತ್ತದೆ, ಯಂತ್ರವೇ ಮೇಲು’ ಎಂದು ಯಾರಾದರೂ ವಾದಿಸಿದರೆ ನಾವು ನಗುವಂತಿಲ್ಲ. ಆ ವಾದದಲ್ಲಿ ಜೀವವಿದೆ. ಯೂಬ್ಯಾಂಕ್ಸ್ ಅವರ ಪುಸ್ತಕವನ್ನು ಅಳೆಯಬೇಕಾದದ್ದೂ ಇದಕ್ಕೆ ಅವರು ಕೊಡುವ ಉತ್ತರದಿಂದಲೇ.

ಆಲ್ಗೊರಿದಮ್ ಎಂಬ ಪದ ಈಗ ಪತ್ರಿಕೆಗಳಲ್ಲಿ ದಿನವೂ ಬರುತ್ತದೆ. ಅಲ್ ಖ್ವಾರಿಜ್ಮಿ ಎಂಬ ಒಂಬತ್ತನೆಯ ಶತಮಾನದ ಗಣಿತಜ್ಞನ ಹೆಸರಿನಿಂದ ಬಂದದ್ದು. ಒಂದು ಕೆಲಸವನ್ನು ಮೊದಲು ಇದು, ಆಮೇಲೆ ಇದು ಎಂದು ಹಂತಹಂತವಾಗಿ ಮಾಡುವ ವಿಧಿ ಎಂದಷ್ಟೇ ಅದರ ಅರ್ಥ. ನಾವು ಶಾಲೆಯಲ್ಲಿ ಕಲಿತ ಭಾಗಾಕಾರವೂ ಆಲ್ಗೊರಿದಮೇ. ಈಗಿನ ಯಂತ್ರಗಳಲ್ಲಿ ಒಂದು ವ್ಯತ್ಯಾಸವಿದೆ. ಎಷ್ಟೋ ಕಡೆ ವಿಧಿಯನ್ನು ಮನುಷ್ಯ ಪೂರ್ತಿ ಬರೆದುಕೊಡುವುದಿಲ್ಲ. ಹಳೆಯ ದಾಖಲೆಗಳ ರಾಶಿಯನ್ನು ಮುಂದಿಟ್ಟು, ಹಿಂದೆ ನಡೆದದ್ದರಿಂದ ಮುಂದೆ ನಡೆಯುವುದನ್ನು ಊಹಿಸು ಎಂದು ಹೇಳಲಾಗುತ್ತದೆ. ಹಳೆಯ ದಾಖಲೆ ಎಂದರೇನು? ನಮ್ಮಂಥ ಗುಮಾಸ್ತರು ಬರೆದಿಟ್ಟದ್ದು. ಕೂತವರು, ನಿಂತವರು ಎಂಬ ಭೇದವೂ ಅದರೊಳಗೆ ಸೇರಿಕೊಂಡೇ ಇರುತ್ತದೆ.

ಪುಸ್ತಕದಲ್ಲಿ ಮೂರು ಊರುಗಳ ಮೂರು ಕಥನಗಳಿವೆ. ಮೊದಲನೆಯದಾದ ಇಂಡಿಯಾನಾ ರಾಜ್ಯದ್ದೇ ಎಲ್ಲಕ್ಕಿಂತ ಗಟ್ಟಿಯಾದದ್ದು. ೨೦೦೬ರಲ್ಲಿ ಅಲ್ಲಿನ ಸರಕಾರ ಬಡವರ ಆಹಾರ, ವೈದ್ಯಕೀಯ ನೆರವುಗಳ ಅರ್ಹತೆ ತೀರ್ಮಾನಿಸುವ ಕೆಲಸವನ್ನು ಐಬಿಎಂ ಮುಂದಾಳಾಗಿದ್ದ ಕಂಪನಿಗಳ ಕೂಟಕ್ಕೆ ಹತ್ತು ವರ್ಷಗಳ ಗುತ್ತಿಗೆಗೆ ಕೊಟ್ಟಿತು. ಮೊತ್ತ ೧೧೬ ಕೋಟಿ ಡಾಲರು. ಅದಕ್ಕೆ ಮುಂಚೆ ಪ್ರತಿ ಕುಟುಂಬಕ್ಕೂ ಒಬ್ಬ ಗುಮಾಸ್ತನಿದ್ದ. ಆ ಕುಟುಂಬದ ಕಡತ ಅವನ ಹೊಣೆ. ಹೊಸ ವ್ಯವಸ್ಥೆಯಲ್ಲಿ ಕುಟುಂಬ ಯಾರದೂ ಅಲ್ಲ. ಕೆಲಸಗಳ ಸರದಿಯೊಂದು ಪರದೆಯ ಮೇಲೆ ಬರುತ್ತದೆ. ಯಾರ ಕೈ ಖಾಲಿ ಇದೆಯೋ ಅವರು ಒಂದು ತುಂಡನ್ನು ಮುಗಿಸುತ್ತಾರೆ. ಮುಂದಿನ ತುಂಡು ಇನ್ನೆಲ್ಲೋ ಇರುವ ಇನ್ನಾರಿಗೋ ಹೋಗುತ್ತದೆ. ಅರ್ಜಿದಾರ ಫೋನು ಮಾಡಿದ ಪ್ರತಿ ಸಲವೂ ಹೊಸ ದನಿ, ಮೊದಲಿನಿಂದ ಅದೇ ಕಥೆ. ಕಾಗದಪತ್ರಗಳೆಲ್ಲ ಮೇರಿಯನ್ ಎಂಬ ಊರಿನ ಒಂದು ಕೇಂದ್ರಕ್ಕೆ ಹೋಗಬೇಕು. ಹೋದ ಕಾಗದ ಮತ್ತೆ ಕಾಣದಂತಾಗುವುದು ಎಷ್ಟು ಸಾಮಾನ್ಯವಾಯಿತೆಂದರೆ, ಬಡವರ ಪರವಾಗಿ ಓಡಾಡುತ್ತಿದ್ದವರು ಆ ಕೇಂದ್ರಕ್ಕೆ ಕಪ್ಪು ರಂಧ್ರವೆಂದೇ ಹೆಸರಿಟ್ಟರು.

ಕಾಗದ ಸಿಗದಿದ್ದರೆ ಯಂತ್ರ ಹೊರಡಿಸುತ್ತಿದ್ದ ನೋಟೀಸಿನ ಒಕ್ಕಣೆ ಒಂದೇ: ‘ಅರ್ಹತೆಯನ್ನು ಸ್ಥಾಪಿಸುವಲ್ಲಿ ಸಹಕರಿಸಲಿಲ್ಲ’. ಅರ್ಜಿದಾರ ಒಂದು ಪುಟಕ್ಕೆ ಸಹಿ ಮರೆತರೂ, ಕೇಂದ್ರದವರು ಪುಟ ಕಳೆದರೂ, ಫೋನು ಮಾಡುತ್ತೇವೆಂದ ಹೊತ್ತಿಗೆ ಅವರೇ ಮಾಡದಿದ್ದರೂ ಅದೇ ನೋಟೀಸು. ಯಾವ ಕಾಗದ ಕಡಿಮೆಯೆಂದು ಅದು ಹೇಳುವುದಿಲ್ಲ. ಮೂರು ವರ್ಷಗಳಲ್ಲಿ ಹತ್ತು ಲಕ್ಷಕ್ಕೂ ಹೆಚ್ಚು ಅರ್ಜಿಗಳು ತಿರಸ್ಕೃತವಾದವು. ಹಿಂದಿನ ಮೂರು ವರ್ಷಗಳಿಗಿಂತ ಇದು ನೂರಕ್ಕೆ ೫೪ರಷ್ಟು ಹೆಚ್ಚು. ಒಬ್ಬ ಕ್ಯಾನ್ಸರ್ ರೋಗಿ ಆಸ್ಪತ್ರೆಯಲ್ಲಿ ಮಲಗಿದ್ದರಿಂದ ಸಂದರ್ಶನಕ್ಕೆ ಸಿಗಲಿಲ್ಲ. ಅಸಹಕಾರವೆಂದು ಆಕೆಯ ವೈದ್ಯಕೀಯ ನೆರವು ನಿಂತಿತು. ಮೇಲ್ಮನವಿ ಹಾಕಿದಳು. ೨೦೦೯ರ ಮಾರ್ಚ್ ೧ರಂದು ತೀರಿಕೊಂಡಳು. ಮರುದಿನ ಮೇಲ್ಮನವಿ ಅವಳ ಪರವಾಗಿ ತೀರ್ಮಾನವಾಯಿತು. ಈ ಪುಟವನ್ನು ಓದಿ ಪುಸ್ತಕ ಮುಚ್ಚಿಟ್ಟು ಆ ದಿನ ಮತ್ತೆ ತೆರೆಯಲಿಲ್ಲ. ನಮ್ಮ ಬೀರುವಿನಲ್ಲೂ ‘ಅರ್ಜಿದಾರರು ಮೃತಪಟ್ಟ ಕಾರಣ ಮುಕ್ತಾಯಗೊಳಿಸಲಾಗಿದೆ’ ಎಂದು ಷರಾ ಬರೆದ ಕಡತಗಳಿವೆ. ಅಂಥ ಷರಾದ ಕೆಳಗೆ ನಮ್ಮ ಕಿರುಸಹಿಯೂ ಇದೆ.

ಅದೇ ವರ್ಷದ ಅಕ್ಟೋಬರಿನಲ್ಲಿ ಇಂಡಿಯಾನಾ ಸರಕಾರ ಗುತ್ತಿಗೆಯನ್ನು ರದ್ದುಮಾಡಿತು. ಸರಕಾರ ಕಂಪನಿಯ ಮೇಲೂ ಕಂಪನಿ ಸರಕಾರದ ಮೇಲೂ ದಾವೆ ಹೂಡಿದವು. ನೆರವು ಕಳೆದುಕೊಂಡ ಬಡವರು ಆ ದಾವೆಯಲ್ಲಿ ವಾದಿಗಳೂ ಅಲ್ಲ, ಪ್ರತಿವಾದಿಗಳೂ ಅಲ್ಲ.

ಎರಡನೆಯ ಕಥನ ಲಾಸ್ ಏಂಜಲೀಸಿನ ನಿರ್ವಸತಿಗರದು. ಬೀದಿಯಲ್ಲಿ ಮಲಗುವವರನ್ನು ಕೂರಿಸಿಕೊಂಡು ಕಾಯಿಲೆ, ಕುಡಿತ, ಆತ್ಮಹತ್ಯೆಯ ಯತ್ನ ಎಲ್ಲವನ್ನೂ ಕೇಳಿ ಒಬ್ಬೊಬ್ಬರಿಗೂ ಅಂಕ ಕೊಡಲಾಗುತ್ತದೆ. ಅಂಕ ಹೆಚ್ಚಿದ್ದವರಿಗೆ ಮನೆ ಮೊದಲು. ಮನೆಗಳು ಕಡಿಮೆ, ಜನ ಹೆಚ್ಚು. ನಡುವಿನ ಅಂಕದವರು ತಮ್ಮ ಬದುಕಿನ ಗುಟ್ಟನ್ನೆಲ್ಲ ಒಪ್ಪಿಸಿಯೂ ಬೀದಿಯಲ್ಲೇ ಉಳಿಯುತ್ತಾರೆ. ಕೊರತೆ ಇರುವುದು ಮನೆಗಳದು. ಅದನ್ನು ಅಂಕಪಟ್ಟಿಯ ಪ್ರಶ್ನೆಯಾಗಿ ಮಾಡಿದ್ದು ನೀತಿ ಎಂಬ ಯೂಬ್ಯಾಂಕ್ಸ್ ಅವರ ಮಾತು ಸರಿಯಾಗಿದೆ.

ಮೂರನೆಯದು ಪಿಟ್ಸ್‌ಬರ್ಗ್ ನಗರವಿರುವ ಅಲೆಗೇನಿ ಜಿಲ್ಲೆಯದು. ಮಕ್ಕಳ ಮೇಲೆ ದೌರ್ಜನ್ಯ ನಡೆಯುತ್ತಿದೆ ಎಂದು ಯಾರಾದರೂ ಫೋನಿನಲ್ಲಿ ದೂರಿದರೆ, ವಿಚಾರಣೆಗೆ ಹೋಗಬೇಕೇ ಬೇಡವೇ ಎಂದು ತಿಳಿಯಲು ೨೦೧೬ರ ಆಗಸ್ಟಿನಿಂದ ಒಂದು ಯಂತ್ರ ೧ರಿಂದ ೨೦ರವರೆಗೆ ಅಂಕ ಕೊಡುತ್ತದೆ. ಇಲ್ಲಿ ಲೇಖಕಿಯ ನ್ಯಾಯಬುದ್ಧಿಯನ್ನು ಮೆಚ್ಚಬೇಕು. ಈ ಯಂತ್ರವನ್ನು ತಯಾರಿಸಿದವರು ಲೋಭಿಗಳಲ್ಲ, ಗುಟ್ಟು ಮಾಡಿದವರಲ್ಲ, ಯಂತ್ರ ಜಿಲ್ಲಾಡಳಿತದ್ದೇ ಸ್ವತ್ತು ಎಂಬುದನ್ನೆಲ್ಲ ಅವರು ಮುಚ್ಚಿಡದೆ ಹೇಳುತ್ತಾರೆ. ಆದರೂ ತಪ್ಪು ಬೇರಿನಲ್ಲೇ ಇದೆ. ಸರಕಾರಿ ನೆರವು ಪಡೆದವರ ದಾಖಲೆ ಮಾತ್ರ ಯಂತ್ರಕ್ಕೆ ಸಿಗುತ್ತದೆ. ಹಣವಂತರು ಖಾಸಗಿ ವೈದ್ಯರ ಬಳಿ, ಖಾಸಗಿ ಆಯಾಗಳ ಬಳಿ ಹೋಗುತ್ತಾರೆ. ಅವರ ಮನೆಯ ಕಥೆ ಯಾವ ಕಡತದಲ್ಲೂ ಇಲ್ಲ. ಜೊತೆಗೆ, ನಿಜವಾದ ದೌರ್ಜನ್ಯವನ್ನು ಯಂತ್ರ ಅಳೆಯಲಾರದು. ಅದು ಊಹಿಸುತ್ತಿದ್ದದ್ದು ಆ ಮನೆಯ ಬಗ್ಗೆ ಮತ್ತೆ ದೂರು ಬರುತ್ತದೆಯೇ, ಮಗುವನ್ನು ಮನೆಯಿಂದ ತೆಗೆದು ಬೇರೆಡೆ ಇಡಲಾಗುತ್ತದೆಯೇ ಎಂಬುದನ್ನು. ದೂರುವವರಲ್ಲಿ ನೆರೆಹೊರೆಯವರೂ ಇರುತ್ತಾರೆ. ಅಲ್ಲಿ ಕರಿಯರ ಮನೆಗಳ ಮೇಲೆ ಬರುವ ದೂರು ಬಿಳಿಯರದಕ್ಕಿಂತ ಮೂರೂವರೆ ಪಟ್ಟು. ಹೀಗೆ ದೂರುವವರ ಪೂರ್ವಗ್ರಹ ಯಂತ್ರದ ಬಾಯಲ್ಲಿ ಅಂಕವಾಗಿ ಹೊರಬೀಳುತ್ತದೆ. ‘ಯಂತ್ರಕ್ಕೆ ಅಂಕಿ ಮಾತ್ರ ಕಾಣುತ್ತದೆ’ ಎಂಬ ವಾದಕ್ಕೆ ಪುಸ್ತಕ ಕೊಡುವ ಉತ್ತರ ಇದು. ನಮಗೆ ಒಪ್ಪಿಗೆಯಾಯಿತು.

ಇನ್ನು ಪುಸ್ತಕದ ಕೊರತೆಗಳು. ಮೊದಲನೆಯದು, ಲೆಕ್ಕದ ಕಡೆ ಲೇಖಕಿಗೆ ಒಲವು ಕಡಿಮೆ. ನ್ಯಾಯ ಎಂದರೆ ಯಾವ ಅಳತೆಯ ನ್ಯಾಯ ಎಂಬ ಪ್ರಶ್ನೆಯನ್ನು ಅವರು ಬಿಡಿಸಿ ನೋಡುವುದಿಲ್ಲ. ಅದನ್ನು ಬಿಡಿಸದೆ ನೀತಿಯ ಮಾತಾಡಲು ಬಾರದು. ೨೦೧೬ರಲ್ಲಿ ಅಮೆರಿಕದಲ್ಲೇ ಈ ಬಗ್ಗೆ ದೊಡ್ಡ ಚರ್ಚೆ ನಡೆದಿತ್ತು. ಆರೋಪಿಗಳು ಮತ್ತೆ ಅಪರಾಧ ಮಾಡುವರೇ ಎಂದು ಊಹಿಸುವ ಕಾಂಪಾಸ್ ಎಂಬ ಯಂತ್ರವನ್ನು ಪ್ರೊಪಬ್ಲಿಕಾ ಎಂಬ ಸುದ್ದಿಸಂಸ್ಥೆ ಫ್ಲಾರಿಡಾದ ದಾಖಲೆಗಳಿಂದ ಪರೀಕ್ಷಿಸಿತು. ಮತ್ತೆ ಅಪರಾಧ ಮಾಡದ ಕರಿಯರಲ್ಲಿ ನೂರಕ್ಕೆ ಸುಮಾರು ೪೫ ಮಂದಿಗೆ ಅಪಾಯಕಾರಿಗಳೆಂಬ ಹಣೆಪಟ್ಟಿ ಬಿದ್ದಿತ್ತು. ಬಿಳಿಯರಲ್ಲಿ ಸುಮಾರು ೨೩ ಮಂದಿಗೆ. ತಯಾರಕರ ಉತ್ತರ: ‘ಅಪಾಯಕಾರಿ ಎಂದು ನಾವು ಹೇಳಿದವರಲ್ಲಿ ನಮ್ಮ ಮಾತು ನಿಜವಾಗುವ ಪ್ರಮಾಣ ಎರಡೂ ಗುಂಪುಗಳಲ್ಲಿ ಹೆಚ್ಚುಕಡಿಮೆ ಒಂದೇ.’ ಎರಡೂ ಕಡೆಯವರ ಲೆಕ್ಕ ಸರಿಯೇ ಇತ್ತು!

ಇದು ಹೇಗೆಂದು ನಮ್ಮ ಬಿ.ಎಸ್‌ಸಿ. ಗಣಿತದಿಂದ ತೋರಿಸಲು ಯತ್ನಿಸುತ್ತೇವೆ. ಕಾಲ್ಪನಿಕವಾಗಿ ಎರಡು ಪೇಟೆಗಳನ್ನು ಇಟ್ಟುಕೊಳ್ಳಿ, ಒಂದೊಂದರಲ್ಲೂ ನೂರು ರೇಷನ್ ಕಾರ್ಡು. ಮೊದಲ ಪೇಟೆಯಲ್ಲಿ ೫೦ ಕಾರ್ಡು ನಿಜಕ್ಕೂ ಅನರ್ಹ, ಎರಡನೆಯದರಲ್ಲಿ ೧೦ ಮಾತ್ರ. ಯಂತ್ರ ಮೊದಲ ಪೇಟೆಯಲ್ಲಿ ೫೦ ಕಾರ್ಡು ರದ್ದುಮಾಡುತ್ತದೆ, ಅದರಲ್ಲಿ ೪೦ ಸರಿ, ೧೦ ತಪ್ಪು. ಎರಡನೆಯದರಲ್ಲಿ ೧೦ ರದ್ದು, ೮ ಸರಿ, ೨ ತಪ್ಪು. ಎರಡು ಕಡೆಯೂ ಯಂತ್ರದ ಮಾತು ನೂರಕ್ಕೆ ೮೦ರಷ್ಟು ನಿಜ. ಪಕ್ಷಪಾತವೇ ಇಲ್ಲವೆಂದು ತಯಾರಕರು ಪ್ರಮಾಣ ಮಾಡಬಹುದು. ಈಗ ಕಾರ್ಡು ಕಳೆದುಕೊಂಡವರ ಕಡೆಯಿಂದ ನೋಡಿ. ಮೊದಲ ಪೇಟೆಯ ೫೦ ಅರ್ಹರಲ್ಲಿ ೧೦ ಮಂದಿ, ಎಂದರೆ ಐವರಲ್ಲಿ ಒಬ್ಬರು, ಅನ್ಯಾಯವಾಗಿ ಕಾರ್ಡು ಕಳೆದುಕೊಂಡರು. ಎರಡನೆಯ ಪೇಟೆಯ ೯೦ ಅರ್ಹರಲ್ಲಿ ಇಬ್ಬರು, ಎಂದರೆ ೪೫ ಮಂದಿಯಲ್ಲಿ ಒಬ್ಬರು. ಇದನ್ನು ಸಮ ಮಾಡಲು ಹೋದರೆ ಆ ೮೦ರ ಸಮತೆಯೋ, ಅನರ್ಹರನ್ನು ಹಿಡಿಯುವ ಪ್ರಮಾಣದ ಸಮತೆಯೋ ಕೆಡುತ್ತದೆ. ಎರಡು ಗುಂಪುಗಳ ಮೂಲ ಪ್ರಮಾಣ ಬೇರೆಯಾಗಿರುವಾಗ, ಮತ್ತು ಯಂತ್ರ ತಪ್ಪೇ ಮಾಡದ ಸರ್ವಜ್ಞನಾಗಿಲ್ಲದಿರುವಾಗ, ಎಲ್ಲ ಬಗೆಯ ಸಮತೆಯನ್ನೂ ಒಟ್ಟಿಗೆ ಸಾಧಿಸಲು ಬಾರದೆಂದು ಗಣಿತಜ್ಞರು ಸಾಧಿಸಿ ತೋರಿಸಿದ್ದಾರೆ. ಯಾವ ಸಮತೆ ಬೇಕು ಎಂದು ಆರಿಸುವುದು ಎಂಜಿನಿಯರರ ಕೆಲಸವಲ್ಲ, ರಾಜ್ಯನೀತಿಯ ಕೆಲಸ. ಅದನ್ನು ಟೆಂಡರಿನ ಷರತ್ತುಗಳೊಳಗೆ ಹುದುಗಿಸಿಟ್ಟರೆ ಶಾಸಕರಿಗೂ ತಿಳಿಯುವುದಿಲ್ಲ, ನಾಗರಿಕರಿಗೂ ತಿಳಿಯುವುದಿಲ್ಲ.

ಎರಡನೆಯ ಕೊರತೆ, ಹಳೆಯ ಗುಮಾಸ್ತನ ಬಗ್ಗೆ ಲೇಖಕಿಗೆ ತುಸು ಹೆಚ್ಚೇ ಮಮತೆ. ಹಿಂದಿನ ಕಚೇರಿಗಳಲ್ಲಿ ವರ್ಣಭೇದ ಎಷ್ಟಿತ್ತೆಂದು ಅವರು ಹೇಳದೆ ಬಿಟ್ಟಿಲ್ಲ, ನಿಜ. ಆದರೂ ಯಂತ್ರದ ಅಧ್ಯಾಯಗಳಿಗೆ ಬಂದಾಗ ಗುಮಾಸ್ತ ಕರುಣಾಳುವಾಗಿಬಿಡುತ್ತಾನೆ. ನಮ್ಮ ಕುರ್ಚಿಯ ಕಥೆಯನ್ನು ಬಲ್ಲ ನಮಗೆ ಅದು ಸಂಕೋಚ ತಂದಿತು.

ಮೂರನೆಯ ಕೊರತೆಯೇ ದೊಡ್ಡದು. ಪುಸ್ತಕದ ಕೊನೆಯಲ್ಲಿ ಲೇಖಕಿ ಯಂತ್ರ ತಯಾರಿಸುವವರಿಗೆ ವೈದ್ಯರ ಪ್ರತಿಜ್ಞೆಯಂಥ ಒಂದು ಪ್ರತಿಜ್ಞೆಯನ್ನು ಸೂಚಿಸುತ್ತಾರೆ. ಈ ಯಂತ್ರವನ್ನು ಬಡವರಲ್ಲದವರ ಮೇಲೆ ಪ್ರಯೋಗಿಸಿದ್ದರೆ ಸಹಿಸುತ್ತಿದ್ದರೇ ಎಂದು ಕೇಳಿಕೊಳ್ಳಿ ಎನ್ನುತ್ತಾರೆ. ಪ್ರಶ್ನೆ ಒಳ್ಳೆಯದು. ಆದರೆ ಪ್ರತಿಜ್ಞೆಯಿಂದ ಕಚೇರಿ ನಡೆಯುವುದಿಲ್ಲ. ಕಚೇರಿ ನಡೆಯುವುದು ನಿಯಮದಿಂದ, ನಿಯಮ ಮೀರಿದವನ ಸಹಿ ಕಡತದಲ್ಲಿ ಉಳಿಯುವುದರಿಂದ. ಇಷ್ಟೆಲ್ಲ ಪುಟ ಓದಿಸಿ ಪ್ರತಿಜ್ಞೆಯಲ್ಲಿ ಕೈಬಿಡುವುದು ಓದುಗನಿಗೆ ಮಾಡಿದ ಅನ್ಯಾಯವೆಂದೇ ನಮ್ಮ ಅಭಿಪ್ರಾಯ.

ಇಷ್ಟು ಹೇಳಿ ನಿಲ್ಲಿಸಬಹುದಿತ್ತು, ಇದು ಅಮೆರಿಕದ ಕಥೆಯೇ ಆಗಿದ್ದರೆ. ಆದರೆ ಹೈದರಾಬಾದಿನಲ್ಲಿ ಕುಳಿತು ಈ ಪುಸ್ತಕ ಓದುವವರಿಗೆ ತಮ್ಮ ಊರಿನ ಹೆಸರೇ ಸಾಲುಗಳ ನಡುವೆ ಕಾಣುತ್ತದೆ. ತೆಲಂಗಾಣ ಸರಕಾರ ‘ಸಮಗ್ರ ವೇದಿಕ’ ಎಂಬ ಗಣಕ ವ್ಯವಸ್ಥೆಯನ್ನು ಕಟ್ಟಿತು. ವಾಹನ, ವಿದ್ಯುತ್ತು, ಆಸ್ತಿ ಮೊದಲಾದ ಬೇರೆಬೇರೆ ದಾಖಲೆಗಳಲ್ಲಿರುವ ಹೆಸರು, ವಿಳಾಸಗಳನ್ನು ಹೋಲಿಸಿ, ಇದೆಲ್ಲ ಒಬ್ಬನೇ ವ್ಯಕ್ತಿಯದು ಎಂದು ಊಹಿಸುವುದು ಅದರ ಕೆಲಸ. ಆ ಊಹೆ ರೇಷನ್ ಕಾರ್ಡುಗಳ ಮೇಲೂ ಬಂತು. ೨೦೧೬ರಿಂದ ರದ್ದಾಗಿದ್ದ ಸುಮಾರು ೧೯ ಲಕ್ಷ ಕಾರ್ಡುಗಳನ್ನು ಸ್ಥಳಕ್ಕೆ ಹೋಗಿ ಮರುಪರಿಶೀಲಿಸಬೇಕೆಂದು ೨೦೨೨ರ ಏಪ್ರಿಲಿನಲ್ಲಿ ಸುಪ್ರೀಂ ಕೋರ್ಟು ಆದೇಶಿಸಿತು. ೨೦೨೪ರ ಜನವರಿಯಲ್ಲಿ ಅಲ್ ಜಜೀರಾ ಪ್ರಕಟಿಸಿದ ತನಿಖಾ ವರದಿಯ ಪ್ರಕಾರ, ಮರುಪರಿಶೀಲನೆಗೆ ಬಂದ ಅರ್ಜಿಗಳು ೪,೯೧,೮೯೯. ೨೦೨೨ರ ಜುಲೈವರೆಗೆ ನೋಡಿ ಮುಗಿಸಿದ್ದು ೨,೦೫,೭೩೪. ಅವುಗಳಲ್ಲಿ ಅರ್ಹರೆಂದು ಕಂಡುಬಂದವರು ೧೫,೪೭೧. ವಾಹನದ ದಾಖಲೆಯಲ್ಲಿದ್ದ ಇನ್ನಾರದೋ ಹೆಸರಿಗೆ ಗಂಡನ ಹೆಸರು ಹೋಲುತ್ತದೆಂದು, ರಿಕ್ಷಾ ತುಳಿಯುವವನ ಮನೆಯನ್ನು ಕಾರಿನ ಮಾಲೀಕರ ಮನೆಯೆಂದು ಯಂತ್ರ ತಿಳಿದ ಪ್ರಸಂಗವೂ ಆ ವರದಿಯಲ್ಲಿದೆ. ವ್ಯವಸ್ಥೆಯ ಮೂಲ ಸಂಕೇತವನ್ನು ಮಾಹಿತಿ ಹಕ್ಕಿನಡಿ ಕೇಳಿದಾಗ, ಅದರ ಮೇಲೆ ಖಾಸಗಿ ಕಂಪನಿಗೆ ಹಕ್ಕಿದೆ ಎಂದು ನಿರಾಕರಿಸಲಾಯಿತಂತೆ.

೧೫,೪೭೧ ಎಂದರೆ ನೂರಕ್ಕೆ ಏಳೂವರೆ. ಈ ಅಂಕಿಯನ್ನು ಹಿಡಿದು ಯಂತ್ರ ನೂರಕ್ಕೆ ತೊಂಬತ್ತೆರಡರಷ್ಟು ಸರಿಯೆಂದು ಹೊಗಳುವವರೂ ಇರಬಹುದು. ಪರೀಕ್ಷೆಯಲ್ಲಿ ತೊಂಬತ್ತೆರಡು ಬಂದರೆ ನಾವೂ ಮಕ್ಕಳಿಗೆ ಸಿಹಿ ಹಂಚುತ್ತೇವೆ. ಆದರೆ ಇಲ್ಲಿ ಉಳಿದ ಏಳೂವರೆ ಎಂದರೆ ಅಕ್ಕಿಯಿಲ್ಲದ ಮನೆಗಳು. ಅವರಲ್ಲಿ ಯಾರಿಗೂ ಕಾರ್ಡು ಹೋಗುವ ಮೊದಲು ‘ನೀವು ಕಾರಿನ ಮಾಲೀಕರೆಂದು ನಮಗೆ ತೋರುತ್ತಿದೆ, ಹೌದೇ?’ ಎಂಬ ಒಂದು ಸಾಲಿನ ಕಾಗದ ಹೋಗಿದ್ದರೆ ಸಾಕಿತ್ತು. ಆ ಪ್ರಶ್ನೆಗೆ ಉತ್ತರಿಸಲು ರಿಕ್ಷಾದವನ ಹೆಂಡತಿಗೆ ವಕೀಲರೂ ಬೇಡ, ಕೋರ್ಟೂ ಬೇಡ. ಯಂತ್ರದ ತಪ್ಪಿಗಿಂತ ದೊಡ್ಡ ತಪ್ಪು ಆ ಕಾಗದ ಹೋಗದಿದ್ದದ್ದು. ಅದು ಮನುಷ್ಯರು ಮಾಡಿದ ತಪ್ಪು.

ನೀತಿಯ ದಸ್ತಾವೇಜುಗಳಿಗೆ ನಮ್ಮಲ್ಲಿ ಕೊರತೆಯಿಲ್ಲ. ನೀತಿ ಆಯೋಗ ೨೦೨೧ರಲ್ಲಿ ಹೊಣೆಗಾರಿಕೆಯುಳ್ಳ ಕೃತಕ ಬುದ್ಧಿಮತ್ತೆಗೆ ಏಳು ತತ್ವಗಳನ್ನು ಹೇಳಿತು. ಸಮಾನತೆ, ಪಾರದರ್ಶಕತೆ, ಉತ್ತರದಾಯಿತ್ವ ಎಲ್ಲವೂ ಅದರಲ್ಲಿವೆ. ೨೦೨೫ರ ನವೆಂಬರಿನಲ್ಲಿ ಕೇಂದ್ರ ಸರಕಾರ ಹೊರಡಿಸಿದ ಮಾರ್ಗಸೂಚಿಗಳಲ್ಲೂ ಏಳು ಸೂತ್ರಗಳಿವೆ. ನ್ಯಾಯ ಮತ್ತು ಸಮತೆ ಅವುಗಳಲ್ಲೊಂದು. ಓದಲು ಚೆನ್ನಾಗಿವೆ. ಆದರೆ ತತ್ವಕ್ಕೂ ಕೌಂಟರಿಗೂ ನಡುವೆ ಇರುವ ದೂರ ನಮಗೆ ಗೊತ್ತು. ಯುರೋಪು ಒಂದು ಹೆಜ್ಜೆ ಮುಂದೆ ಹೋಗಿದೆ. ನೆದರ್ಲೆಂಡಿನಲ್ಲಿ ಶಿಶುಪಾಲನಾ ಭತ್ಯೆ ಪಡೆಯುತ್ತಿದ್ದ ಸಾವಿರಾರು ಕುಟುಂಬಗಳ ಮೇಲೆ ತೆರಿಗೆ ಇಲಾಖೆ ವಂಚನೆಯ ಆರೋಪ ಹೊರಿಸಿತು. ಅಪಾಯದ ಅಂಕ ಕೊಡುತ್ತಿದ್ದ ಯಂತ್ರ, ಅರ್ಜಿದಾರ ಡಚ್ ಪ್ರಜೆಯೇ ಅಲ್ಲವೇ ಎಂಬುದನ್ನೂ ಲೆಕ್ಕಕ್ಕೆ ತೆಗೆದುಕೊಳ್ಳುತ್ತಿತ್ತು. ೨೦೨೧ರ ಜನವರಿಯಲ್ಲಿ ಇಡೀ ಮಂತ್ರಿಮಂಡಲ ರಾಜೀನಾಮೆ ಕೊಡಬೇಕಾಯಿತು. ೨೦೨೪ರ ಆಗಸ್ಟ್ ೧ರಂದು ಜಾರಿಗೆ ಬಂದು, ಹಂತಹಂತವಾಗಿ ಅನ್ವಯವಾಗಬೇಕಾದ ಯುರೋಪಿನ ಕಾಯಿದೆ, ಸರಕಾರಿ ನೆರವಿನ ಅರ್ಹತೆ ತೀರ್ಮಾನಿಸುವ ಯಂತ್ರಗಳನ್ನು ಹೆಚ್ಚು ಅಪಾಯದ ವರ್ಗಕ್ಕೆ ಸೇರಿಸಿದೆ. ಯಂತ್ರದ ಮೇಲೆ ಮನುಷ್ಯನ ನಿಗಾ ಇರಬೇಕೆಂದೂ, ಬಾಧೆಗೊಳಗಾದವನಿಗೆ ವಿವರಣೆ ಕೇಳುವ ಹಕ್ಕಿದೆಯೆಂದೂ ಅದು ಹೇಳುತ್ತದೆ.

ನಮ್ಮಲ್ಲಿ ಇದಕ್ಕೆ ಆಧಾರವೇ ಇಲ್ಲವೆಂದು ತಿಳಿಯಬೇಕಾಗಿಲ್ಲ. ೨೦೦೫ರ ಮಾಹಿತಿ ಹಕ್ಕು ಕಾಯಿದೆಯ ನಾಲ್ಕನೆಯ ಕಲಮಿನಲ್ಲೇ, ಆಡಳಿತದ ತೀರ್ಮಾನಗಳಿಗೆ ಕಾರಣಗಳನ್ನು ಬಾಧಿತರಿಗೆ ಒದಗಿಸಬೇಕೆಂದು ಬರೆದಿದೆ. ಯಾರಿಗೂ ಅವರ ಮಾತು ಕೇಳದೆ ನಷ್ಟ ಮಾಡಬಾರದೆಂಬುದು ಸಹಜ ನ್ಯಾಯದ ಹಳೆಯ ತತ್ವ. ಗುಮಾಸ್ತನಿಗೆ ಅನ್ವಯಿಸುವ ಈ ಕಟ್ಟುಗಳು ಯಂತ್ರ ಬಂದ ಕೂಡಲೆ ಸಡಿಲಬೇಕೇಕೆ? ನಾವು ಬಯಸುವ ನೀತಿ ದೊಡ್ಡದೇನಲ್ಲ. ಒಂದು, ಯಂತ್ರ ಸಂಶಯ ಪಡಲಿ, ಆದರೆ ಸೌಲಭ್ಯ ನಿಲ್ಲಿಸುವ ಮೊದಲು ಅರ್ಜಿದಾರನ ಭಾಷೆಯಲ್ಲಿ, ಯಾವ ದಾಖಲೆಯಿಂದ ಸಂಶಯ ಬಂತೆಂದು ತಿಳಿಸುವ ನೋಟೀಸು ಹೋಗಲಿ. ಎರಡು, ರದ್ದತಿಯ ಆದೇಶದ ಕೆಳಗೆ ಒಬ್ಬ ಅಧಿಕಾರಿಯ ಹೆಸರು, ಹುದ್ದೆ, ಸಹಿ ಇರಲಿ. ಮೂರು, ಯಂತ್ರದ ಮಾತನ್ನು ಕಾರಣ ಬರೆದು ತಳ್ಳಿಹಾಕುವ ಅಧಿಕಾರ ಅವನಿಗಿರಲಿ. ಹಾಗೆ ತಳ್ಳಿಹಾಕಿದ್ದಕ್ಕೆ ಮೆಮೊ ಬರದಿರಲಿ. ನಾಲ್ಕು, ಮೇಲ್ಮನವಿ ತೀರುವವರೆಗೆ ಅಕ್ಕಿ ನಿಲ್ಲದಿರಲಿ. ಐದು, ಯಂತ್ರದ ತಪ್ಪುಗಳನ್ನು ಪ್ರದೇಶವಾರು, ವರ್ಗವಾರು ಎಣಿಸಿ ವರ್ಷಕ್ಕೊಮ್ಮೆ ಪ್ರಕಟಿಸಲಿ. ಒಟ್ಟು ಶೇಕಡಾವಾರು ಅಂಕಿ ಹೇಳಿ ಮುಗಿಸದಿರಲಿ. ಮೇಲಿನ ಎರಡು ಪೇಟೆಗಳ ಲೆಕ್ಕ ನೋಡಿದವರಿಗೆ ಇದರ ಅಗತ್ಯ ತಿಳಿದಿರುತ್ತದೆ.

ಮೂರನೆಯ ಅಂಶದ ಬಗ್ಗೆ ಇನ್ನೊಂದು ಮಾತು. ಈಗ ಯಾವ ಕೌಂಟರಿಗೆ ಹೋದರೂ ‘ಸಿಸ್ಟಮ್ ತಗೊಳ್ತಾ ಇಲ್ಲ’ ಎಂಬ ಉತ್ತರ ಸಿಗುತ್ತದೆ. ನಾವೂ ಹಾಗೆ ಅಂದಿದ್ದೇವೆ. ಅನ್ನುವುದು ಬಹಳ ಸುಲಭ. ಅನ್ನುವವನ ಮೇಲೆ ಹೊಣೆ ಬರುವುದಿಲ್ಲ, ಕೇಳಿದವನಿಗೆ ಜಗಳವಾಡಲು ಎದುರಾಳಿ ಸಿಗುವುದಿಲ್ಲ. ಯಂತ್ರ ನಮ್ಮ ಕೆಲಸ ಕಸಿಯುತ್ತದೆಂಬ ಭಯ ನಮ್ಮ ಬಳಗದಲ್ಲಿದೆ. ನಮಗೆ ಅದಕ್ಕಿಂತ ಹೆಚ್ಚಿನ ಭಯ, ಕೆಲಸ ಉಳಿದು ಹೊಣೆ ಮಾತ್ರ ಹೋಗುವುದು.

ಕುರ್ಚಿಯ ಕಥೆಯನ್ನು ಅರ್ಧಕ್ಕೆ ಬಿಟ್ಟೆವು. ಕಲಬುರಗಿ ಕಡೆಯ ಒಬ್ಬ ಮುದುಕಿ, ತೀರಿಕೊಂಡ ಜವಾನನ ಹೆಂಡತಿ, ಕುಟುಂಬ ಪಿಂಚಣಿಗಾಗಿ ಬರುತ್ತಿದ್ದಳು. ಗಂಡನ ಸೇವಾ ಪುಸ್ತಕದಲ್ಲಿ ಅವಳ ಹೆಸರು ‘ಅವ್ವ’ ಎಂದು ಮುಗಿಯುತ್ತಿತ್ತು, ಬ್ಯಾಂಕಿನ ಪುಸ್ತಕದಲ್ಲಿ ‘ಅಮ್ಮ’ ಎಂದು. ಹೆಸರು ತಾಳೆಯಾಗುವುದಿಲ್ಲವೆಂದು ಎರಡು ಸಲ ನಿಲ್ಲಿಸಿಯೇ ಮಾತಾಡಿಸಿ ಕಳಿಸಿದೆವು. ಮೂರನೆಯ ಸಲ ಅವಳು ಮೇಜಿನ ಅಂಚು ಹಿಡಿದುಕೊಂಡು ಕೇಳಿದಳು: ‘ಸಾಹೇಬ್ರ, ಹೆಸರು ಬ್ಯಾರೆ ಆದ್ರ ಮನಷ್ಯಾಳೂ ಬ್ಯಾರೆ ಆಗ್ತಾಳೇನ್ರಿ? ಆಗೂದಿಲ್ಲ ಅಂತ ಯಾರ್ ಬರೀಬೇಕ್ರಿ? ಅವ್ರನ್ನರ ತೋರಸ್ರಿ, ಅವ್ರ ಕಾಲು ಹಿಡೀತೀನಿ.’

ಬರೆಯಬೇಕಾದವರು ನಾವೇ ಆಗಿದ್ದೆವು. ‘ಕೂಡ್ರಿ ಅವ್ವಾ’ ಎಂದೆವು. ಅವ್ವ, ಅಮ್ಮ ಎರಡೂ ಆ ಸೀಮೆಯಲ್ಲಿ ಒಂದೇ ಹೆಸರಿನ ರೂಪಗಳೆಂದು ಅರ್ಧ ಪುಟದ ಟಿಪ್ಪಣಿ ಬರೆದು ಕಿರುಸಹಿ ಹಾಕಿದೆವು. ಸೆಕ್ಷನ್ ಆಫೀಸರು ಒಂದು ಅಫಿಡವಿಟ್ಟು ಕೇಳಿ ಒಪ್ಪಿದರು. ತಪ್ಪಾಗಿದ್ದರೆ ಆಡಿಟ್ಟಿನವರ ಆಕ್ಷೇಪಣೆ ನಮ್ಮ ತಲೆಯ ಮೇಲೇ ಬೀಳುತ್ತಿತ್ತು. ಇಂದಿನ ಯಂತ್ರಕ್ಕೆ ಆ ಎರಡು ಹೆಸರುಗಳು ಒಂದೇ ಎಂದು ಕಲಿಸಬಹುದು, ಬಹುಶಃ ನಮಗಿಂತ ಬೇಗ ಕಲಿತೀತು. ಕಲಿಸಲಿ. ಆದರೆ ಅದು ಕಲಿಯದೆ ಉಳಿದ ಹೆಸರಿನವರು ಬಂದು ಮೇಜಿನ ಅಂಚು ಹಿಡಿಯಲು ಒಂದು ಮೇಜು, ಅದರ ಹಿಂದೆ ಬರೆಯುವ ಅಧಿಕಾರವಿರುವ ಒಬ್ಬ ಮನುಷ್ಯ, ಇಷ್ಟು ಇರಲೇಬೇಕು.

ಯೂಬ್ಯಾಂಕ್ಸ್ ಅವರ ಪುಸ್ತಕವನ್ನು ಮೇಲೆ ಹೇಳಿದ ಕೊರತೆಗಳೊಡನೆಯೂ ಕೊಂಡು ಓದಬಹುದು. ಭಾಷೆ ಸರಳ, ಕಥನ ಚುರುಕು. ಇಂಡಿಯಾನಾದ ಅಧ್ಯಾಯವನ್ನಾದರೂ ಯಾರಾದರೂ ಕನ್ನಡಕ್ಕೆ ತಂದರೆ ಒಳ್ಳೆಯದು. ಸರಕಾರಿ ನೌಕರಿಯಲ್ಲಿರುವ ನಮ್ಮ ಸಂಘದ ಸದಸ್ಯರು ಅದನ್ನು ಮೊದಲು ಓದಲಿ ಎಂದು ನಮ್ಮ ವಿನಂತಿ.